ಅಪ್ಪನ ಹೆಸರಿನ ನೋ ಕ್ಲೇಮ್ ಬೋನಸ್

ವರ್ಷಾನುಗಟ್ಟಲೆ ಕಾರು ಓಡಿಸಿ, ಯಾರಿಗೂ ಒಂದು ಗೀರು ಕೂಡ ಆಗದಂತೆ ದಿನವೂ ಮನೆಗೆ ಮರಳಿದವರ ಬಳಿ ಅದಕ್ಕೆ ಏನು ಸಾಕ್ಷಿ ಇರುತ್ತದೆ? ಕೆಲವು ತಿಂಗಳಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅಪಘಾತ ಮಾಡಿದವರಿಗೆ ದಾಖಲೆಗಳಿಗೇನೂ ಕೊರತೆಯಿಲ್ಲ. ಎಫ್‌ಐಆರ್ ಇರುತ್ತದೆ, ಮಹಜರು ಇರುತ್ತದೆ, ಸರ್ವೇಯರ್ ವರದಿ, ಗ್ಯಾರೇಜಿನ ಬಿಲ್ಲು, ನ್ಯಾಯಮಂಡಳಿಯ ನೋಟಿಸು ಎಲ್ಲವೂ ಇರುತ್ತವೆ. ಅಪಘಾತವೇ ಆಗದಂತೆ ನೋಡಿಕೊಂಡವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ತುಮಕೂರಿನಲ್ಲೇ ಉಳಿದಿದ್ದರೆ ನನ್ನ ತಂಗಿಗೆ ಅಂಥ ಚೀಟಿಯ ಅಗತ್ಯವೇ ಬೀಳುತ್ತಿರಲಿಲ್ಲ. ಗಂಡ ಮತ್ತು ಮಗನೊಂದಿಗೆ ಅವಳು ಕೆನಡಾದ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್‌ಗೆ ಹೋದಳು. ಕೆಲಸ ಸಿಕ್ಕಿದ್ದು ಬಸ್ಸು ಅಪರೂಪಕ್ಕೆ ಬರುವ ಕೈಗಾರಿಕಾ ಪ್ರದೇಶದಲ್ಲಿ. ಒಂದು ಹಳೆಯ ಕೊರೊಲಾ ಕೊಳ್ಳೋಣವೆಂದು ಹೊರಟಾಗ ವಿಮೆ ಬ್ರೋಕರ್ ಕೇಳಿದ ಮೊದಲ ಪ್ರಶ್ನೆಗೇ ಅವಳು ತಡವರಿಸಬೇಕಾಯಿತು: ಹಿಂದೆ ನಿಮ್ಮ ಹೆಸರಿನಲ್ಲಿ ವಾಹನ ವಿಮೆ ಇತ್ತೇ?

ಇರಲಿಲ್ಲ. ಅವಳು ಓಡಿಸಿದ್ದು ಅಪ್ಪನ ವ್ಯಾಗನ್ ಆರ್. ತುಮಕೂರಿನಿಂದ ಗುಬ್ಬಿಯ ಕಾಲೇಜಿಗೆ ಪಾಠ ಹೇಳಲು ಹೋಗಿ ಬರುತ್ತಿದ್ದದ್ದು ಅದರಲ್ಲಿ. ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದದ್ದೂ ಅದರಲ್ಲಿ. ಮದುವೆಯಾದ ಮೇಲೂ ಅದೇ ಬೀದಿಯಲ್ಲಿ ಮನೆ ಮಾಡಿದ್ದರಿಂದ ಕಾರು ಅವಳ ಕೈಯಲ್ಲೇ ಉಳಿಯಿತು. ಅವಳ ಗಂಡನಿಗೆ ಬೆಂಗಳೂರಿಗೆ ದಿನವೂ ರೈಲಿನ ಓಡಾಟ. ಕಾರು ಬೇಕಾಗುತ್ತಿದ್ದದ್ದೇ ಕಡಿಮೆ. ಅಪ್ಪ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಸ್ಟಿಯರಿಂಗ್ ಮುಟ್ಟಲಿಲ್ಲ. ಭಾನುವಾರ ಬೆಳಿಗ್ಗೆ ಮನೆ ಮುಂದೆ ನಿಲ್ಲಿಸಿ ತೊಳೆಯುವುದಷ್ಟೇ ಅವರ ಪಾಲಿಗಿತ್ತು.

ಅವಳು ಹೇಗೆ ಓಡಿಸುತ್ತಿದ್ದಳು ಎನ್ನುವುದಕ್ಕೆ ನಾನು ಕಂಡ ಒಂದು ರಾತ್ರಿ ಸಾಕು. ಅಮ್ಮನ ತಪಾಸಣೆ ಮುಗಿಸಿ ಬೆಂಗಳೂರಿನಿಂದ ವಾಪಸಾಗುತ್ತಿದ್ದೆವು. ರಾಗಿ ಒಕ್ಕಣೆಯ ಕಾಲ. ದಾಬಸ್‌ಪೇಟೆ ದಾಟಿದ ಮೇಲೆ ಹೆದ್ದಾರಿಯಲ್ಲಿ ದೀಪಗಳಿಲ್ಲದ ಒಂದು ಭಾಗ. ಹಿಂದೆ ಒಂದು ಲಾರಿ ಎಡೆಬಿಡದೆ ಲೈಟು ಹೊಡೆಯುತ್ತಿತ್ತು. ನಮ್ಮ ಹೆಡ್‌ಲೈಟಿನ ಬೆಳಕಿನಲ್ಲಿ ಹುಲ್ಲಿನ ಎಳೆಗಳು ಒಂದೊಂದಾಗಿ ಗಾಳಿಯಲ್ಲಿ ತೇಲಿ ಬರತೊಡಗಿದವು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವಳು ಮಾತು ನಿಲ್ಲಿಸಿದಳು, ನಾಲ್ಕೂ ಇಂಡಿಕೇಟರ್ ಹಾಕಿದಳು, ಬ್ರೇಕನ್ನು ಒಮ್ಮೆಲೇ ಒತ್ತದೆ ಬಿಟ್ಟು ಬಿಟ್ಟು ಒತ್ತುತ್ತಾ ಹಿಂದಿನ ಲಾರಿಗೆ ಸುಳಿವು ಕೊಟ್ಟಳು. ಆಮೇಲೆ ಕಂಡಿತು ಟ್ರ್ಯಾಕ್ಟರ್. ಟ್ರೇಲರ್‌ನ ಹಿಂದೆ ದೀಪವಿರಲಿಲ್ಲ, ಪ್ರತಿಫಲಕ ಪಟ್ಟಿಯೂ ಇರಲಿಲ್ಲ. ರಾಗಿ ಹುಲ್ಲಿನ ಹೊರೆ ಎರಡೂ ಪಕ್ಕಕ್ಕೆ ಚಾಚಿ ಒಂದೂವರೆ ಪಥವನ್ನು ನುಂಗಿತ್ತು. ಬಲಕ್ಕೆ ಎಳೆಯಲು ಜಾಗವಿದೆ ಎಂದು ನನಗೆ ಅನ್ನಿಸಿತು, ಅವಳು ಎಳೆಯಲಿಲ್ಲ. ಮರುಕ್ಷಣ ಅದೇ ಜಾಗದಲ್ಲಿ ಎದುರು ದಿಕ್ಕಿನಿಂದ ಒಂದು ಬೈಕು ಬಂದು ಹೋಯಿತು. ಹಿಂದಿನ ಸೀಟಿನಲ್ಲಿ ಅಮ್ಮನಿಗೆ ಎಚ್ಚರವೇ ಆಗಲಿಲ್ಲ. ನೆಲಮಂಗಲದಲ್ಲಿ ಕಣ್ಣು ಮುಚ್ಚಿದವರು ಕ್ಯಾತ್ಸಂದ್ರದಲ್ಲಿ ಎದ್ದು, ಇಷ್ಟು ಬೇಗ ಬಂದೆವೇ ಎಂದರು.

ವಿಮಾ ಕಂಪನಿ ಬೆಲೆ ಕಟ್ಟುವುದು ಇಂಥ ರಾತ್ರಿಗಳಿಗೆ. ಆಗದೆ ಹೋದ ಅಪಘಾತವೇ ಅದರ ಲಾಭ. ಆದರೆ ಆ ರಾತ್ರಿ ಏನೂ ಆಗಲಿಲ್ಲ, ಏನೂ ಆಗದಿದ್ದಕ್ಕೆ ಏನೂ ದಾಖಲಾಗಲಿಲ್ಲ.

ಅಲ್ಲಿನ ಲೆಕ್ಕ

ಬ್ರಾಂಪ್ಟನ್‌ನಲ್ಲಿ ಅವಳಿಗೆ ಬಂದ ಮೊದಲ ದರಪಟ್ಟಿಯ ಪ್ರಕಾರ ಒಂದು ತಿಂಗಳಿಗೆ ಕಟ್ಟಬೇಕಾದ ಹಣ, ಅಪ್ಪ ಇಲ್ಲಿ ವರ್ಷಕ್ಕೆ ಕಟ್ಟುವುದಕ್ಕಿಂತ ಹೆಚ್ಚಾಗಿತ್ತು. ಆ ಊರಿಗೆ ಮೊದಲೇ ದುಬಾರಿ ವಿಮೆಯ ಹೆಸರಿದೆ. ಒಂಟಾರಿಯೊದಲ್ಲಿ ವಿಮೆ ಮಾರುವುದು ಖಾಸಗಿ ಕಂಪನಿಗಳು, ದರಕ್ಕೆ ಅನುಮತಿ ಕೊಡುವುದು ಪ್ರಾಂತ್ಯದ ನಿಯಂತ್ರಣ ಪ್ರಾಧಿಕಾರ. ನೀವು ಯಾವ ಅಂಚೆ ಸಂಖ್ಯೆಯಲ್ಲಿ ವಾಸವಾಗಿದ್ದೀರಿ ಎನ್ನುವುದೂ ದರದಲ್ಲಿ ಸೇರುತ್ತದೆ. ಟೊರಾಂಟೊ ಸುತ್ತಮುತ್ತಲಿನ ಕಾರು ಕಳವು, ಸುಳ್ಳು ಕ್ಲೇಮುಗಳು, ಗಾಯಗೊಂಡವರ ಚಿಕಿತ್ಸೆಗೆ ಕಡ್ಡಾಯವಾಗಿ ಕೊಡಬೇಕಾದ ಪರಿಹಾರ, ಇವೆಲ್ಲದರ ಭಾರ ಆ ಊರಿನ ಪ್ರತಿಯೊಬ್ಬರ ಪ್ರೀಮಿಯಂ ಮೇಲೆ ಬೀಳುತ್ತದೆ. ಕಟ್ಟಲಾಗುವುದಿಲ್ಲವೆಂದು ಬಿಡುವ ಹಾಗೂ ಇಲ್ಲ. ವಿಮೆಯಿಲ್ಲದ ವಾಹನ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲವೇ 5,000ದಿಂದ 25,000 ಡಾಲರ್‌ವರೆಗೆ ದಂಡ. ನಮ್ಮಲ್ಲಿ ಮೊದಲ ಸಲ ₹2,000, ಮತ್ತೆ ಸಿಕ್ಕರೆ ₹4,000.

ಊರಿನ ಭಾರ ಎಲ್ಲರಿಗೂ ಒಂದೇ ಎನ್ನೋಣ. ಅದರ ಮೇಲೆ ಹೊಸಬರಿಗೆ ಇನ್ನೊಂದು ಭಾರವಿದೆ, ನನಗೆ ನೋವಾದದ್ದು ಅದರಿಂದ. ಅಲ್ಲಿನ ಬಹಳಷ್ಟು ಕಂಪನಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೆನಡಾ ಅಥವಾ ಅಮೆರಿಕದ ವಿಮಾ ಇತಿಹಾಸವನ್ನು ಮಾತ್ರ. ಬೇರೆ ದೇಶದ ಪತ್ರವನ್ನು ಒಪ್ಪುವ ಕೆಲವು ಕಂಪನಿಗಳೂ ಇವೆ. ಆದರೆ ಆ ಪತ್ರ ಅರ್ಜಿದಾರರ ಹೆಸರಿನಲ್ಲಿರಬೇಕು, ಕಂಪನಿಯ ಲೆಟರ್‌ಹೆಡ್‌ನಲ್ಲಿರಬೇಕು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ವಿಮೆ ಇತ್ತು, ಕ್ಲೇಮ್ ಆಗಿತ್ತೋ ಇಲ್ಲವೋ ಎಂದು ಬರೆದಿರಬೇಕು. ಇಲ್ಲದಿದ್ದರೆ ನಿನ್ನೆ ಮೊನ್ನೆ ಲೈಸೆನ್ಸ್ ಪಡೆದ ಹುಡುಗನ ಸಾಲಿನಲ್ಲೇ ನಿಲ್ಲಬೇಕು. ಹೆದ್ದಾರಿಯಲ್ಲಿ ಹುಲ್ಲಿನ ಎಳೆ ಕಂಡು ಬ್ರೇಕ್ ಒತ್ತಿದ ನನ್ನ ತಂಗಿ ನಿಂತದ್ದು ಆ ಸಾಲಿನಲ್ಲಿ.

ಕಂಪನಿಯ ಕಡೆಯ ಮಾತೂ ನನಗೆ ಅರ್ಥವಾಗುತ್ತದೆ. ಹಿಮ ಬಿದ್ದು ಗಟ್ಟಿಯಾದ ರಸ್ತೆ ಅವಳಿಗೆ ಹೊಸದು. ಬಲಬದಿಯ ಸಂಚಾರ, ದೊಡ್ಡ ರಸ್ತೆಗಳ ವೇಗ ಎಲ್ಲವೂ ಹೊಸದು. ಬಂದವರೆಲ್ಲರ ಬಾಯಿಮಾತು ನಂಬಿ ದರ ಇಳಿಸಿದರೆ ನಷ್ಟವನ್ನು ತುಂಬುವವರು ಅಲ್ಲೇ ಇದ್ದ ಗ್ರಾಹಕರು. ಆದರೂ ಹೊಸ ರಸ್ತೆಗೆ ಬಂದವರ ಅನುಭವ ಸ್ವಲ್ಪ ಕಡಿಮೆಯಾಗಬಹುದೇ ಹೊರತು ಸೊನ್ನೆಯಾಗುವುದಿಲ್ಲ. ಲೈಸೆನ್ಸ್ ಕೊಡುವ ಇಲಾಖೆಗೆ ಇದು ಗೊತ್ತಿದೆ. ಒಂಟಾರಿಯೊದಲ್ಲಿ ಹೊಸ ಕಲಿಕೆಯವರು ಜಿ1, ಜಿ2, ಜಿ ಎಂಬ ಮೂರು ಹಂತಗಳನ್ನು ಕಾಯುತ್ತಾ ದಾಟಬೇಕು. ಎರಡು ವರ್ಷಕ್ಕಿಂತ ಹೆಚ್ಚಿನ ಅನುಭವವಿದೆ ಎಂದು ತಮ್ಮ ದೇಶದ ಲೈಸೆನ್ಸ್ ಪ್ರಾಧಿಕಾರದಿಂದಲೋ ರಾಯಭಾರ ಕಚೇರಿಯಿಂದಲೋ ದೃಢೀಕರಣ ತಂದವರಿಗೆ, ಬರಹದ ಪರೀಕ್ಷೆ ಮತ್ತು ಕಣ್ಣಿನ ಪರೀಕ್ಷೆ ಪಾಸಾದ ಮೇಲೆ, ಕಾಯದೆ ನೇರವಾಗಿ ಕೊನೆಯ ರಸ್ತೆ ಪರೀಕ್ಷೆಗೆ ಹೋಗುವ ಅವಕಾಶವಿದೆ. ತಮ್ಮ ದೇಶದ ಲೈಸೆನ್ಸ್‌ನಲ್ಲಿ ಓಡಿಸಬಹುದಾದದ್ದು ನೆಲೆಸಿದ ಮೊದಲ 60 ದಿನ ಮಾತ್ರ. ಹಾಗಾಗಿ ಕಾಗದಪತ್ರ ತಡವಾದಷ್ಟೂ ಕಷ್ಟ.

ಒಂದು ಬೆಳಿಗ್ಗೆ, ಅಲ್ಲಿ ಮಲಗುವ ಹೊತ್ತಿನಲ್ಲಿ, ತಂಗಿ ಫೋನ್ ಮಾಡಿದಳು. ‘ಅಕ್ಕ, ಎರಡು ಕಾಗದ ಬೇಕು. ಆರ್‌ಟಿಒದಿಂದ ನನ್ನ ಡಿಎಲ್ ಎಕ್ಸ್‌ಟ್ರಾಕ್ಟ್. ಇನ್ನೊಂದು, ಅಪ್ಪನ ಕಾರಿನ ವಿಮೆಯ ಪತ್ರ. ಅದನ್ನು ಓಡಿಸುತ್ತಿದ್ದದ್ದು ನಾನೇ ಎಂದು ಅದರಲ್ಲಿ ಬರೆಸಲು ಸಾಧ್ಯವೇ, ಕೇಳು.’

ಡಿಎಲ್ ಎಕ್ಸ್‌ಟ್ರಾಕ್ಟ್ ಸಿಕ್ಕಿತು. ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ, ತುಮಕೂರಿನ ಆರ್‌ಟಿಒ ಕಚೇರಿಗೆ ಓಡಾಡಿ ತೆಗೆದುಕೊಂಡೆ. ಲೈಸೆನ್ಸ್ ಮೊದಲು ಯಾವಾಗ ಕೊಟ್ಟದ್ದು, ಯಾವ ವರ್ಗದ ವಾಹನಕ್ಕೆ, ಎಲ್ಲಿಯವರೆಗೆ ಊರ್ಜಿತ, ಎಲ್ಲವೂ ಅದರಲ್ಲಿತ್ತು. ತೊಡಕಾದದ್ದು ಹೆಸರಿನಲ್ಲಿ. ಲೈಸೆನ್ಸ್‌ನಲ್ಲಿ ಅವಳ ಹೆಸರಿನ ಮುಂದೆ ಒಂದೇ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಅಪ್ಪನ ಪೂರ್ತಿ ಹೆಸರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗಿಲ್ಲ! ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ ಕಳುಹಿಸಿದ ಮೇಲೆ ಅಲ್ಲಿನ ನಮ್ಮ ದೂತಾವಾಸದಲ್ಲಿ ಕೆಲಸ ಮುಂದುವರಿಯಿತು.

ಬಿ.ಎಚ್. ರಸ್ತೆಯ ಶಾಖೆಯಲ್ಲಿ

ಎರಡನೆಯ ಕಾಗದಕ್ಕಾಗಿ ಅಪ್ಪನೂ ನಾನೂ ವಿಮಾ ಕಂಪನಿಯ ಶಾಖೆಗೆ ಹೋದೆವು. ಅಪ್ಪ ನಿವೃತ್ತ ಮುಖ್ಯೋಪಾಧ್ಯಾಯರು. ಕಾರು ಕೊಂಡ ವರ್ಷದಿಂದ ಇಲ್ಲಿಯವರೆಗಿನ ಒಂದೊಂದು ಪಾಲಿಸಿಯನ್ನೂ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ವರ್ಷದ ಪ್ರಕಾರ ಜೋಡಿಸಿ, ದಾರ ಕಟ್ಟಿದ ಫೈಲಿನಲ್ಲಿ ಇಟ್ಟಿದ್ದಾರೆ. ಶಾಖೆಯ ಅಧಿಕಾರಿ ಆ ಫೈಲನ್ನು ಪ್ರೀತಿಯಿಂದಲೇ ತಿರುವಿ ನೋಡಿದರು. ಕಂಪನಿಯಿಂದ ಪರಿಹಾರ ಕೇಳದೆ ಕಳೆದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯೇ ನೋ ಕ್ಲೇಮ್ ಬೋನಸ್. ಅದು ಮೊದಲ ವರ್ಷಕ್ಕೆ 20%, ಆಮೇಲೆ 25, 35, 45, ಕೊನೆಗೆ 50. ಅದಕ್ಕಿಂತ ಮೇಲೆ ಹೋಗುವುದಿಲ್ಲ. ಅಪ್ಪ ಆ 50ರ ಮೇಲೆ ಬೆರಳಿಟ್ಟು ತೋರಿಸಿದರು. ‘ಒಂದು ಸಲವೂ ಕ್ಲೇಮ್ ಮಾಡಿಲ್ಲ ನೋಡಿ ಸ್ವಾಮಿ.’

ಅಧಿಕಾರಿ ಹೌದೆಂದರು. ಕಂಪ್ಯೂಟರಿನಲ್ಲಿ ನೋಡಿ, ಅಷ್ಟೂ ವರ್ಷಗಳ ಪತ್ರ ಕೊಡಲು ತೊಂದರೆಯಿಲ್ಲ ಎಂದರು. ‘ಆದರೆ ಪತ್ರ ನಿಮ್ಮ ಹೆಸರಿನಲ್ಲಿ ಬರುತ್ತದೆ ಯಜಮಾನರೇ. ಮಗಳ ಹೆಸರು ನಮ್ಮ ದಾಖಲೆಯಲ್ಲಿ ಎಲ್ಲಿಯೂ ಇಲ್ಲ.’

‘ಓಡಿಸಿದವಳು ಅವಳಲ್ಲವೇ?’

ಅಧಿಕಾರಿ ಪಾಲಿಸಿಯನ್ನು ನಮ್ಮ ಕಡೆ ತಿರುಗಿಸಿ, ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲನ್ನು ತೋರಿಸಿದರು. ಯಾರು ಓಡಿಸಬಹುದು ಎನ್ನುವಲ್ಲಿ, ವಿಮೆದಾರರೂ ಸೇರಿದಂತೆ ಊರ್ಜಿತ ಲೈಸೆನ್ಸ್ ಇರುವ ಯಾವುದೇ ವ್ಯಕ್ತಿ ಎಂದಿತ್ತು. ನನ್ನ ತಂಗಿ ಅಷ್ಟು ವರ್ಷ ಆ ಕಾಗದದಲ್ಲಿ ಇದ್ದದ್ದು ಆ ‘ಯಾವುದೇ ವ್ಯಕ್ತಿ’ಯ ಒಳಗೆ.

ಅಪ್ಪ ಸುಮ್ಮನಾಗಲಿಲ್ಲ. ‘ನಾನು ಬರೆದುಕೊಡುತ್ತೇನೆ. ಈ ಕಾರು ಓಡಿಸಿದವಳು ನನ್ನ ಮಗಳು, ಈ ಬೋನಸ್ ಬಂದದ್ದು ಅವಳಿಂದ ಎಂದು ಛಾಪಾ ಕಾಗದದ ಮೇಲೆ ಬರೆದು ಸಹಿ ಹಾಕುತ್ತೇನೆ. ಅದನ್ನು ನೀವು ಲಗತ್ತಿಸಿದರೆ ಆಗುವುದಿಲ್ಲವೇ?’ ಅಧಿಕಾರಿಗೆ ನಿಜಕ್ಕೂ ಬೇಸರವಾದಂತೆ ಕಂಡಿತು. ಬೋನಸ್ ಸೇರುವುದು ವಿಮೆ ಮಾಡಿಸಿದವರಿಗೆ, ವಾಹನಕ್ಕೂ ಅಲ್ಲ ಓಡಿಸಿದವರಿಗೂ ಅಲ್ಲ ಎಂದು ವಿವರಿಸಿದರು. ಕಾರು ಮಾರಿದರೆ ಅದನ್ನು ಮೂರು ವರ್ಷದವರೆಗೆ ಕಾದಿರಿಸಿಕೊಂಡು ಇನ್ನೊಂದು ಕಾರಿಗೆ ತರಬಹುದು. ಮಗಳಿಗೆ ಕೊಡಲು ಮಾತ್ರ ಬರುವುದಿಲ್ಲ. ಸ್ವಲ್ಪ ತಡೆದು, ಹೇಳಬೇಕೋ ಬೇಡವೋ ಎಂಬಂತೆ, ಇನ್ನೊಂದು ನಿಯಮವನ್ನೂ ಹೇಳಿದರು: ವಿಮೆದಾರರು ತೀರಿಕೊಂಡು ವಾಹನ ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ಬಂದರೆ, ಆಗ ಬೋನಸ್ ಅವರಿಗೆ ಸಲ್ಲುತ್ತದೆ. ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಬದುಕಿರುವಾಗ ನಿಜ ಹೇಳಿದರೆ ನಡೆಯುವುದಿಲ್ಲ ಅನ್ನಿ’ ಎಂದರು. ಅಧಿಕಾರಿ ಮೂವರಿಗೂ ಕಾಫಿ ತರಿಸಿದರು. ಪತ್ರವನ್ನು ಅಪ್ಪನ ಹೆಸರಿನಲ್ಲೇ ಪಡೆದು ಮನೆಗೆ ಬಂದೆವು.

ಮಾಲೀಕ ಯಾರು, ಚಾಲಕ ಯಾರು

ನಮ್ಮ ವಿಮೆ ಓಡಿಸುವವರ ಮುಖ ನೋಡುವುದೇ ಇಲ್ಲ ಎನ್ನುವುದು ಆ ದಿನದ ನಂತರ ನನಗೆ ಹೆಜ್ಜೆಹೆಜ್ಜೆಗೂ ಕಾಣತೊಡಗಿದೆ. ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಯನ್ನು ತುಂಬುವ, ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರ್ಕಾರ ನಿಗದಿ ಮಾಡುತ್ತದೆ, ಮಾಡುವುದು ಎಂಜಿನ್ನಿನ ಸಿಸಿ ನೋಡಿ. 2022ರ ಜೂನ್‌ನಲ್ಲಿ ಜಾರಿಯಾದ ದರದಂತೆ 1,000 ಸಿಸಿ ಮೀರದ ಖಾಸಗಿ ಕಾರಿಗೆ ವರ್ಷಕ್ಕೆ ₹2,094, ಅದಕ್ಕೆ ಮೇಲೆ 1,500ರವರೆಗೆ ₹3,416. ಕುಡಿದು ಓಡಿಸುವವನಿಗೂ ಅಷ್ಟೇ, ನನ್ನ ತಂಗಿಗೂ ಅಷ್ಟೇ. ಬೋನಸ್ ಅನ್ವಯವಾಗುವುದು ಸ್ವಂತ ವಾಹನದ ಹಾನಿಗೆ ಕಟ್ಟುವ ಭಾಗಕ್ಕೆ ಮಾತ್ರ.

ಇದರಲ್ಲಿ ಒಂದು ಒಳ್ಳೆಯತನವೂ ಇದೆ, ಅದನ್ನು ಮುಚ್ಚಿಡಬಾರದು. ಬಡವರ ಕೈಗೂ ಎಟುಕುವ ದರ ಅದು. ಗುದ್ದಿಸಿಕೊಂಡವರು ಸತ್ತರೆ ಅಥವಾ ಗಾಯಗೊಂಡರೆ ನ್ಯಾಯಮಂಡಳಿ ಎಷ್ಟು ಪರಿಹಾರ ಹೇಳುತ್ತದೆಯೋ ಅಷ್ಟನ್ನೂ ವಿಮಾ ಕಂಪನಿ ಕೊಡಬೇಕು, ಮಿತಿಯಿಲ್ಲ. ಒಂಟಾರಿಯೊದ ಕನಿಷ್ಠ ಕಡ್ಡಾಯ ವಿಮೆಯ ಮಿತಿ 2 ಲಕ್ಷ ಡಾಲರ್. ಸಾಲದೆಂದು ಹೆಚ್ಚಿನವರು ಹತ್ತು ಲಕ್ಷಕ್ಕೋ ಇಪ್ಪತ್ತು ಲಕ್ಷಕ್ಕೋ ಏರಿಸಿಕೊಳ್ಳುತ್ತಾರೆ. ಇಷ್ಟು ದೊಡ್ಡ ಭರವಸೆಯನ್ನು ಇಷ್ಟು ಕಡಿಮೆ ಹಣಕ್ಕೆ ಕೊಟ್ಟರೂ ನಮ್ಮ ರಸ್ತೆಯ ಅರ್ಧಕ್ಕಿಂತ ಹೆಚ್ಚು ವಾಹನಗಳಿಗೆ ವಿಮೆಯೇ ಇಲ್ಲವೆಂದು ಸಂಸತ್ತಿನ ಸ್ಥಾಯಿ ಸಮಿತಿ 2024ರಲ್ಲಿ ಹೇಳಿದೆ. ಪೊಲೀಸರಿಗೆ ತೋರಿಸುವ ಕಾಗದ ಎಂದಷ್ಟೇ ನಾವು ಅದನ್ನು ನೋಡುತ್ತಾ ಬಂದಿದ್ದೇವೆ. ಹೊಗೆ ತಪಾಸಣೆಯ ಚೀಟಿಯ ಜೊತೆ ಡ್ಯಾಶ್‌ಬೋರ್ಡಿನೊಳಗೆ ತುರುಕಿಟ್ಟರೆ ಮುಗಿಯಿತು.

ನಾನು ಬೆಚ್ಚಿಬಿದ್ದದ್ದು ಇನ್ನೊಂದು ವಿವರಕ್ಕೆ. ನಮ್ಮ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಎಂಬ ಒಂದು ಭಾಗವಿರುತ್ತದೆ. 2018ರಿಂದ ಅದರ ಮೊತ್ತ ₹15 ಲಕ್ಷ. ಅದು ಸಲ್ಲುವುದು ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ. ಆ ರಾತ್ರಿ ದಾಬಸ್‌ಪೇಟೆಯ ಬಳಿ ಟ್ರೇಲರ್‌ಗೆ ಗುದ್ದಿದ್ದರೆ, ಸ್ಟಿಯರಿಂಗ್ ಹಿಂದೆ ಕುಳಿತಿದ್ದ ನನ್ನ ತಂಗಿಗೆ ಆ ಹದಿನೈದು ಲಕ್ಷದಲ್ಲಿ ಒಂದು ರೂಪಾಯಿಯೂ ಇರಲಿಲ್ಲ. ಅದನ್ನು ಅಪ್ಪನ ಹೆಸರಿಗೆ ಕೊಂಡದ್ದು; ಅಪ್ಪ ಮನೆಯಲ್ಲಿ ದೂರದರ್ಶನ ನೋಡುತ್ತಿದ್ದರು.

ನಮ್ಮ ಬೀದಿಯನ್ನೇ ತೆಗೆದುಕೊಳ್ಳಿ. ಮಕ್ಕಳನ್ನು ಶಾಲೆಗೆ ಬಿಡುವವರು, ಅತ್ತೆಯನ್ನು ಡಾಕ್ಟರ ಬಳಿ ಕರೆದೊಯ್ಯುವವರು, ಬಟವಾಡಿ ಬಡಾವಣೆಯಿಂದ ಆಚೆಗೆ ಕೆಲಸಕ್ಕೆ ಹೋಗುವವರು ಬಹುಮಟ್ಟಿಗೆ ಹೆಂಗಸರು. ಆರ್‌ಸಿಯಲ್ಲಿ ಹೆಸರು ಗಂಡನದೋ ತಂದೆಯದೋ ಮಾವನದೋ. ಶೋರೂಮಿನಲ್ಲಿ ಸಾಲದ ಅರ್ಜಿ ಅವರ ಹೆಸರಿಗೆ ಆಗಿರುತ್ತದೆ, ಆರ್‌ಸಿಯೂ ಅದರ ಜೊತೆಯಲ್ಲೇ ಅವರ ಹೆಸರಿಗೆ ಬರುತ್ತದೆ. ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇಲ್ಲ. ಆದರೆ ಹೆಂಗಸರು ಓಡಿಸಿದ ವರ್ಷಗಳೆಲ್ಲ ಹೀಗೆ ಇನ್ನೊಬ್ಬರ ಖಾತೆಗೆ ಜಮೆಯಾಗುತ್ತಾ ಹೋಗುತ್ತವೆ. ಅವರು ಹುಷಾರಾಗಿ ಓಡಿಸಿದ್ದಕ್ಕೆ ಬಂದ ರಿಯಾಯಿತಿ ಗಂಡಸರ ಹೆಸರಿನಲ್ಲಿ ಮುದ್ರಣವಾಗುತ್ತದೆ. ದೇಶ ದಾಟುವವರೆಗೆ ಅದು ತಿಳಿಯುವುದಿಲ್ಲ. ದೇಶ ದಾಟದವರಿಗೂ ಗಂಡ ಬಿಟ್ಟುಹೋದರೆ, ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡರೆ ಒಂದು ದಿನ ತಿಳಿಯುತ್ತದೆ.

ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರಲ್ಲಿ ಸಂಚಾರ ನಿಯಮ ಉಲ್ಲಂಘನೆಗೂ ಪ್ರೀಮಿಯಮ್ಮಿಗೂ ಗಂಟು ಹಾಕುವ ಸಲಹೆ ಕೊಟ್ಟಿತ್ತು. 2022ರಲ್ಲಿ ಎಷ್ಟು ದೂರ, ಹೇಗೆ ಓಡಿಸುತ್ತೀರಿ ಎನ್ನುವುದರ ಮೇಲೆ ದರ ನಿಗದಿಪಡಿಸುವ ಪಾಲಿಸಿಗಳಿಗೆ ಪ್ರಾಧಿಕಾರ ಅನುಮತಿಯನ್ನೂ ಕೊಟ್ಟಿತು. ತಪ್ಪು ಮಾಡಿದವರ ಲೆಕ್ಕ ಇಡುವಾಗ ಸರಿಯಾಗಿ ಓಡಿಸಿದವರ ಲೆಕ್ಕವನ್ನೂ, ಅವರವರ ಲೈಸೆನ್ಸ್ ಸಂಖ್ಯೆಯ ಅಡಿಯಲ್ಲಿ, ಇಡಬೇಕು ಎನ್ನುವುದು ನನ್ನ ಆಗ್ರಹ. ಪಾಲಿಸಿಯಲ್ಲಿ ಮುಖ್ಯ ಚಾಲಕರ ಹೆಸರು ಬರೆಯಲು ಒಂದು ಕಾಲಂ ಸೇರಿಸುವುದು ಕಷ್ಟದ ಕೆಲಸವೇನಲ್ಲ. ಒಂಟಾರಿಯೊದಲ್ಲಿ ಮನೆಯಲ್ಲಿ ಲೈಸೆನ್ಸ್ ಇರುವ ಎಲ್ಲರ ಹೆಸರನ್ನೂ ಕೊಡಲೇಬೇಕು. ಯಾರು ಹೆಚ್ಚು ಓಡಿಸುತ್ತಾರೆ ಎಂದೂ ಕೇಳುತ್ತಾರೆ.

ಹೊರಡುವವರಿಗೆ

ನಮ್ಮ ಜಿಲ್ಲೆಯಿಂದ ಹೊರದೇಶಕ್ಕೆ ಹೊರಟವರು ಉಪ್ಪಿನಕಾಯಿ ತೂಗುವ ಮೊದಲು ಈ ಕೆಲಸ ಮಾಡಿಕೊಳ್ಳಿ. ಡಿಎಲ್ ಎಕ್ಸ್‌ಟ್ರಾಕ್ಟ್ ತೆಗೆಸಿ. ನಿಮ್ಮ ಹೆಸರಿನಲ್ಲಿ ಪಾಲಿಸಿ ಇದ್ದರೆ ವರ್ಷವಾರು ಕ್ಲೇಮ್ ಇತಿಹಾಸದ ಪತ್ರವನ್ನು ಲೆಟರ್‌ಹೆಡ್‌ನಲ್ಲಿ, ಸಹಿ ಮೊಹರಿನೊಂದಿಗೆ, ಇಂಗ್ಲಿಷಿನಲ್ಲಿ ಕೇಳಿ. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷ ನಡೆಯುತ್ತದೆ. ಅದು ಅನುಭವದ ಸಾಕ್ಷಿಯಲ್ಲ, ಮೂಲ ಲೈಸೆನ್ಸ್‌ನ ಜೊತೆಗಿಡುವ ಕಾಗದ. ಹೋದ ಊರಿನಲ್ಲಿ ಒಂದೇ ಕಂಪನಿಯ ಮಾತು ಕೇಳಿ ನಿಲ್ಲಬೇಡಿ, ಹಲವು ಕಂಪನಿಗಳೊಂದಿಗೆ ವ್ಯವಹರಿಸುವ ಬ್ರೋಕರ್ ಬಳಿ ಹೋಗಿ. ದರ ಇಳಿಯಲೆಂದು ಬೇರೆ ಊರಿನ ವಿಳಾಸ ಕೊಡುವ ಸಲಹೆ ನೀಡುವವರೂ ಅಲ್ಲಿ ಸಿಗುತ್ತಾರೆ. ಅದನ್ನು ಖಂಡಿತ ಕೇಳಬೇಡಿ. ಅಪಘಾತವಾದ ದಿನ ಆ ಸುಳ್ಳು ಹೊರಬಿದ್ದರೆ ಪಾಲಿಸಿಯೇ ಕೈಕೊಡುತ್ತದೆ.

ತಂಗಿ ಕೊನೆಯ ಹಂತದ ರಸ್ತೆ ಪರೀಕ್ಷೆಗೆ ನೇರವಾಗಿ ಹೋಗಿ ಪಾಸಾದಳು. ಜಿ ಲೈಸೆನ್ಸ್ ಬಂದ ಮೇಲೆ ದರ ತಕ್ಕಮಟ್ಟಿಗೆ ಇಳಿಯಿತು. ಚಳಿಗಾಲದ ಟೈರು ಹಾಕಿಸಿದವರಿಗೆ ಅಲ್ಲಿನ ಕಂಪನಿಗಳು ರಿಯಾಯಿತಿ ಕೊಡಲೇಬೇಕೆಂದು 2016ರಿಂದ ನಿಯಮವಿದೆ, ಅದನ್ನೂ ಪಡೆದಳು. ಈಗ ಅವಳ ಮೊಬೈಲಿನಲ್ಲಿ ಕಂಪನಿಯ ಒಂದು ಆ್ಯಪ್ ಇದೆ. ಪ್ರತಿ ಸಲ ಬ್ರೇಕ್ ಹೇಗೆ ಒತ್ತಿದಳು, ತಿರುವಿನಲ್ಲಿ ವೇಗ ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳುತ್ತದೆ. ಯಾರೋ ಸದಾ ನೋಡುತ್ತಿರುವುದು ನನಗಾಗಿದ್ದರೆ ಹಿಡಿಸುತ್ತಿರಲಿಲ್ಲ. ಅವಳು ಮಾತ್ರ, ಇರಲಿ ಅಕ್ಕ, ಬರೆದುಕೊಳ್ಳಲಿ ಎನ್ನುತ್ತಾಳೆ.

ಇಲ್ಲಿ ವ್ಯಾಗನ್ ಆರ್ ಈಗ ನನ್ನ ಕೈಗೆ ಬಂದಿದೆ. ಅದನ್ನು ನನ್ನ ಹೆಸರಿಗೆ ವರ್ಗಾಯಿಸಲು 29 ಮತ್ತು 30ನೇ ನಮೂನೆಗಳಿಗೆ ಅಪ್ಪ ಸಹಿ ಹಾಕಿದ್ದಾರೆ. ಹಾಕುವ ಮುಂಚೆ ವಾದ ನಡೆಯಿತು. ವರ್ಗಾವಣೆಯಾದರೆ ಅವರ 50% ನನಗೆ ಸಿಗುವುದಿಲ್ಲ, ಪಾಲಿಸಿಯ ಉಳಿದ ತಿಂಗಳುಗಳಿಗೆ ಆ ರಿಯಾಯಿತಿಯ ಹಣವನ್ನು ನಾನು ತುಂಬಿಕೊಡಬೇಕು. ಮನೆಯ ಕಾರಿಗೆ ಮನೆಯವರೇ ಸುಮ್ಮನೆ ದುಡ್ಡು ಯಾಕೆ ಕಟ್ಟಬೇಕು ಎಂದು ಅಪ್ಪ ಕೇಳಿದರು. ಬರುವ ವರ್ಷದ 20% ನನ್ನ ಹೆಸರಿನಲ್ಲಿ ಇರುತ್ತದೆ, ಹದಿನೈದು ಲಕ್ಷದ ರಕ್ಷಣೆಯೂ ಓಡಿಸುವವಳ ಹೆಸರಿನಲ್ಲಿ ಇರುತ್ತದೆ ಎಂದೆ. ಅವರು ಮತ್ತೆ ಮಾತಾಡದೆ ಪೆನ್ನು ಕೇಳಿದರು. ಆರ್‌ಸಿ ಬದಲಾದ ಮೇಲೆ ಬಿ.ಎಚ್. ರಸ್ತೆಯ ಅದೇ ಅಧಿಕಾರಿಯ ಎದುರು ಕುಳಿತು ವಿಮೆಯನ್ನು ವರ್ಗಾಯಿಸುವಾಗ ತಂಗಿಯ ಸಂದೇಶ ಬಂತು: ‘ಅಕ್ಕ, ಇನಿಷಿಯಲ್ ಬಿಡಿಸಿ ಬರೆಸು. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಇರಲಿ.’ ಅಧಿಕಾರಿ ತೆರೆಯನ್ನು ನನ್ನ ಕಡೆ ತಿರುಗಿಸಿದರು. ಅಕ್ಷರ ಅಕ್ಷರ ನೋಡಿ ಸರಿ ಎಂದೆ.